ಪಾರುಪತ್ತೆಗಾರರನ್ನು ಹುಡುಕುತ್ತಾ ಒಂದು ದಿನ

ಗೇಟಿಗೆ ನೇತುಹಾಕಿದ ‘ಮನೆ ಬಾಡಿಗೆಗೆ ಇದೆ’ ಎಂಬ ರಟ್ಟಿನ ಬೋರ್ಡನ್ನು ಓದದೆ ಮುಂದೆ ಹೋಗುವುದು ನನ್ನಿಂದ ಈಗಲೂ ಆಗದು. ಬೆಂಗಳೂರಿನಲ್ಲಿ ಒಮ್ಮೆಯಾದರೂ ಬಾಡಿಗೆ ಮನೆಗಾಗಿ ಅಲೆದವರಿಗೆಲ್ಲ ಅಂಟಿಕೊಳ್ಳುವ ಚಾಳಿ ಇದು. ಹಿಂದೆಲ್ಲ ಆ ಬೋರ್ಡಿನ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದೋ ‘ಮಹಡಿಯ ಮೇಲೆ ವಿಚಾರಿಸಿ’ ಎಂದೋ ಬರೆದಿರುತ್ತಿತ್ತು. ಜಯನಗರದ ಐದನೇ ಬ್ಲಾಕಿನಲ್ಲಿರುವ ಅಕ್ಕನ ಮನೆಗೆ ಹೋಗುವಾಗ ಮೊನ್ನೆ ಕಂಡ ಬೋರ್ಡಿನಲ್ಲಿ ಅದೇನೂ ಇರಲಿಲ್ಲ. ಒಂದು ಮೊಬೈಲ್ ನಂಬರು, ಅದರ ಕೆಳಗೆ ‘ಮಾಲೀಕರು ವಿದೇಶದಲ್ಲಿದ್ದಾರೆ, ಮ್ಯಾನೇಜರನ್ನು ಸಂಪರ್ಕಿಸಿ’ ಎಂಬ ಒಂದೇ ಸಾಲು.

ಅಕ್ಕನ ಮನೆಯಲ್ಲಿಯೂ ಅಂದು ಅದೇ ಮಾತು ನಡೆದಿತ್ತು. ಅವಳ ಮಗ ಎರಡನೇ ಪಿಯುಸಿ ಮುಗಿಸಿದ್ದಾನೆ. ಸಿಇಟಿಯಲ್ಲಿ ಬಂದ ರ‍್ಯಾಂಕು ಹೇಳಿಕೊಳ್ಳುವಂಥದ್ದಲ್ಲ, ಮುಚ್ಚಿಡುವಂಥದ್ದೂ ಅಲ್ಲ. ಬ್ಯಾಂಕಿನಿಂದ ನಿವೃತ್ತರಾದ ಭಾವನವರಿಗೆ ಮಗ ಯಾವ ಕಾಲೇಜಾದರೂ ಸರಿ, ಕಂಪ್ಯೂಟರ್ ಸೈನ್ಸ್ ಓದಬೇಕು. ಹುಡುಗ ಮಾತ್ರ ಎಲ್ಲಿಂದಲೋ ‘ಪ್ರಾಪರ್ಟಿ ಮ್ಯಾನೇಜ್‌ಮೆಂಟ್’ ಎಂಬ ಮಾತು ತಂದು ಊಟದ ಮನೆಯಲ್ಲಿ ಇಟ್ಟಿದ್ದ.

“ಬಾಡಿಗೆ ವಸೂಲಿ ಮಾಡೋದಕ್ಕೆ, ಮೋಟಾರ್ ಹಾಕೋದಕ್ಕೆ ಡಿಗ್ರಿ ಬೇಕೇನಯ್ಯಾ? ಮೂವತ್ತು ವರ್ಷದಿಂದ ನಾನು ಮಾಡ್ತಾ ಇಲ್ವಾ?” ಭಾವ ನನ್ನ ಕಡೆ ತಿರುಗಿದರು. “ನೀನಾದರೂ ಸ್ವಲ್ಪ ಬುದ್ಧಿ ಹೇಳು.”

ಬುದ್ಧಿ ಹೇಳಲು ನನಗೆ ವಿಷಯ ಗೊತ್ತಿರಬೇಕಲ್ಲ! “ಶುಕ್ರವಾರ ರಜೆ ಹಾಕುತ್ತೇನೆ, ಇವನನ್ನು ಕರೆದುಕೊಂಡು ಸುತ್ತಾಡಿ ಬರುತ್ತೇನೆ, ಆಮೇಲೆ ಮಾತಾಡೋಣ” ಎಂದೆ. ದಕ್ಷಿಣ ಬೆಂಗಳೂರಿನಂಥ ಊರಿನಲ್ಲಿ ಈ ಕಸುಬಿನ ಬಗ್ಗೆ ಪುಸ್ತಕ ಓದುವುದಕ್ಕಿಂತ ಬೀದಿ ನೋಡುವುದು ವಾಸಿ ಅನ್ನಿಸಿತು.

ಅಶೋಕ ಸ್ತಂಭದಿಂದ ಹೊರಟು

ಜಯನಗರವನ್ನು ನೋಡಬೇಕಾದವರು ಅಶೋಕ ಸ್ತಂಭದಿಂದ ಶುರು ಮಾಡಬೇಕು. 1948ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಈ ಬಡಾವಣೆಗೆ ಶಂಕುಸ್ಥಾಪನೆ ಮಾಡಿದರು. 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಅಳೆದು, ಗೆರೆ ಹಾಕಿ, ಸೈಟು ಹಂಚಿತು. ಅದೇ ಬೋರ್ಡು 1976ರಲ್ಲಿ ಬಿಡಿಎ ಆಯಿತು. ಆ ಸೈಟುಗಳಲ್ಲಿ ಎದ್ದ ಮನೆಗಳ ನಕ್ಷೆ ನೋಡಿದರೆ ಆ ಕಾಲದ ಸಂಸಾರದ ಲೆಕ್ಕಾಚಾರವೇ ಕಾಣುತ್ತದೆ. ಕೆಳಗೆ ಮಾಲೀಕರು, ಮಹಡಿಯ ಮೇಲೆ ಬಾಡಿಗೆಯವರು, ಹಿತ್ತಲಿನಲ್ಲಿ ಒಂದು ಔಟ್‌ಹೌಸು. ನಿವೃತ್ತಿಯ ನಂತರ ಪಿಂಚಣಿಯ ಜೊತೆಗೆ ಮಹಡಿಯ ಬಾಡಿಗೆ. ಮಗಳ ಮದುವೆಗೆ ಭೋಗ್ಯದ ಹಣ.

ಈ ಭೋಗ್ಯದ ಪದ್ಧತಿ ನಮ್ಮ ಊರಿನ ವಿಶೇಷ. ಬಾಡಿಗೆಯವರು ದೊಡ್ಡ ಮೊತ್ತವನ್ನು ಒಟ್ಟಿಗೇ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾರೆ. ಬಿಡುವಾಗ ಅಷ್ಟೂ ಹಣ ವಾಪಸು. ಬೊಂಬಾಯಿಯಿಂದ, ದೆಹಲಿಯಿಂದ ಬಂದವರಿಗೆ ಇದನ್ನು ಅರ್ಥ ಮಾಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಹತ್ತು ತಿಂಗಳ ಅಡ್ವಾನ್ಸು ಕೇಳುವ ರೂಢಿಯೂ ಹಾಗೆಯೇ. ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಬೇಡ ಎಂದು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಹೇಳಿದರೂ ಮಾದರಿ ಮಾದರಿಯೇ. ರಾಜ್ಯಗಳು ಒಪ್ಪಿ ತಮ್ಮ ಕಾನೂನು ಮಾಡಿಕೊಂಡಲ್ಲಿ ಮಾತ್ರ ಅದಕ್ಕೆ ಬೆಲೆ.

“ಮಾವ, ಎಲ್ಲ ಅಗ್ರಿಮೆಂಟೂ ಹನ್ನೊಂದೇ ತಿಂಗಳಿಗೆ ಯಾಕೆ?” ಎಂದು ಹುಡುಗ ಕೇಳಿದ. ಇದಕ್ಕೆ ಉತ್ತರ ಗೊತ್ತಿತ್ತು. ಒಂದು ವರ್ಷ ಮೀರಿದ ಗೇಣಿಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಆ ಓಡಾಟ, ಆ ಖರ್ಚು ತಪ್ಪಲಿ ಎಂದು ಹನ್ನೊಂದು. ಅದರ ಹಿಂದೆ ಇನ್ನೊಂದು ಭಯವೂ ಇತ್ತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಒಮ್ಮೆ ಒಳಗೆ ಬಂದವರನ್ನು ಹೊರಗೆ ಕಳಿಸುವುದು ಮಾಲೀಕನ ಆಯುಸ್ಸಿನ ಕೆಲಸ. ಆಮೇಲೆ ಆ ಕಾಯ್ದೆಯ ಜಾಗಕ್ಕೆ 1999ರ ಹೊಸ ಬಾಡಿಗೆ ಕಾಯ್ದೆ ಬಂತು. ಭಯ ಮಾತ್ರ ಹೋಗಲಿಲ್ಲ.

ಭಾವ ಹೇಳುವ ‘ಮೂವತ್ತು ವರ್ಷದ ಅನುಭವ’ ಈ ಕಾಲದ್ದು. ಮಾಲೀಕ ಕೆಳಗೇ ಇದ್ದ. ಬೆಳಿಗ್ಗೆ ಎದ್ದು ಮೋಟಾರ್ ಹಾಕುತ್ತಿದ್ದ, ಒಂದನೇ ತಾರೀಕು ಬಾಡಿಗೆ ಎಣಿಸಿಕೊಳ್ಳುತ್ತಿದ್ದ, ಮೇಲಿನ ಮನೆಯ ಮಕ್ಕಳು ಗೋಡೆಗೆ ಚೆಂಡು ಹೊಡೆದರೆ ಗದರುತ್ತಿದ್ದ. ಅವನ ಮಕ್ಕಳು ಇಂದು ನ್ಯೂಜೆರ್ಸಿಯಲ್ಲೋ ಸಿಡ್ನಿಯಲ್ಲೋ ಇದ್ದಾರೆ. ಮನೆ ಇಲ್ಲಿದೆ. ಮೋಟಾರ್ ಹಾಕುವವರು ಯಾರು?

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ತಾಯಿ ತೀರಿಕೊಂಡ ಮೇಲೆ ನನ್ನ ಸ್ನೇಹಿತನೊಬ್ಬ ಮೂರನೇ ಬ್ಲಾಕಿನ ಮನೆಗೆ ಬೀಗ ಹಾಕಿ, ಕೀಲಿಕೈಯನ್ನು ನನ್ನ ಕೈಗಿತ್ತು ಅಮೆರಿಕಕ್ಕೆ ಹೋದ. “ಆವಾಗಾವಾಗ ಒಂದು ಸಲ ನೋಡ್ಕೋಳೋ” ಎಂದ. ಮೊದಲ ತಿಂಗಳು ನಾಲ್ಕು ಸಲ ಹೋದೆ, ಎರಡನೇ ತಿಂಗಳು ಎರಡು ಸಲ. ಆಮೇಲೆ ಮಗಳ ಪರೀಕ್ಷೆ, ನನ್ನ ಸೊಂಟನೋವು. ಎಂಟನೇ ತಿಂಗಳು ಬಾಗಿಲು ತೆಗೆದರೆ ಗೆದ್ದಲು ದಾರವಂದದಿಂದ ಹತ್ತಿ ಗೋಡೆಯ ಬೀರುವಿನೊಳಗೆ ಹೋಗಿತ್ತು. ಅಲ್ಲಿ ಅವನ ತಾಯಿಯ ಮದುವೆಯ ಫೋಟೋಗಳಿದ್ದವು. ಫೋನಿನಲ್ಲಿ ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಸ್ನೇಹಕ್ಕೆ ಒಪ್ಪಿಸಿದ ಕೆಲಸಕ್ಕೆ ದಿನಚರಿ ಇರುವುದಿಲ್ಲ, ಸಂಬಳಕ್ಕೆ ಮಾಡುವವನಿಗಾದರೆ ಇರುತ್ತದೆ ಎಂದು ನನಗೆ ತಿಳಿದದ್ದು ಆಗ.

ಇಂಥ ಮನೆಗಳನ್ನು ನೋಡಿಕೊಳ್ಳುವವರು ಈಗ ಜಯನಗರದಲ್ಲಿ ಇದ್ದಾರೆ. ಕೆಲವರು ಒಂಟಿಯಾಗಿ, ಕೆಲವರು ಕಂಪನಿ ಕಟ್ಟಿಕೊಂಡು. ಬಾಡಿಗೆಯವರನ್ನು ಹುಡುಕುವುದು, ಅವರ ಪೂರ್ವೋತ್ತರ ವಿಚಾರಿಸುವುದು, ಕರಾರು ಬರೆಸುವುದು ಅವರ ಕೆಲಸ. ಮಳೆಗಾಲಕ್ಕೆ ಮುಂಚೆ ತಾರಸಿ ನೋಡಬೇಕು. ಮನೆ ಕಂದಾಯ ಕಟ್ಟಬೇಕು. 2000ದಿಂದ ಅದರ ಲೆಕ್ಕವನ್ನು ಮಾಲೀಕರೇ ಹಾಕಿಕೊಳ್ಳುವ ಪದ್ಧತಿ ಬಂದಿದೆ, ತಪ್ಪಿದರೆ ದಂಡ. 2024ರಿಂದ ಇ-ಖಾತೆಯ ಓಡಾಟ ಬೇರೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು, ಯಾವ ಕಾಗದಕ್ಕೆ ಯಾವ ಕಚೇರಿ ಎಂದು ತಿಳಿದಿರಬೇಕು. ಮಾಲೀಕ ಅನಿವಾಸಿಯಾದರೆ ಬಾಡಿಗೆ ಕೊಡುವವರೇ ಆದಾಯ ತೆರಿಗೆ ಮುರಿದುಕೊಂಡು ಕಟ್ಟಬೇಕು. ಎಷ್ಟೋ ಬಾಡಿಗೆಯವರಿಗೆ ಇದು ನೋಟೀಸು ಬಂದ ಮೇಲೆಯೇ ಗೊತ್ತಾಗುವುದು. ಒಟ್ಟಿನಲ್ಲಿ ಅರ್ಧ ಶಾನುಭೋಗ, ಅರ್ಧ ಮೇಸ್ತ್ರಿ.

ಮಳೆಯ ಲೆಕ್ಕ

ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಸುತ್ತ ಒಂದು ಸುತ್ತು ಹಾಕಿ ಕಾಫಿ ಕುಡಿದೆವು. ಅಲ್ಲಿಂದ ಜಲಮಂಡಲಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರಕ್ಕೆ ಹೋದೆವು. ಜಯನಗರದಲ್ಲೇ ಇರುವ ಈ ಜಾಗವನ್ನು ನೋಡದ ಜಯನಗರದವರು ಬಹಳ ಮಂದಿ. ತಾರಸಿಯ ನೀರನ್ನು ಹೇಗೆ ಇಳಿಸಬೇಕು, ಹೇಗೆ ಸೋಸಬೇಕು, ಎಲ್ಲಿ ಇಂಗಿಸಬೇಕು ಎಂಬುದನ್ನು ಕಣ್ಣಿಗೆ ಕಾಣುವ ಹಾಗೆ ಮಾದರಿಗಳಲ್ಲಿ ಮಾಡಿಟ್ಟಿದ್ದಾರೆ.

ಹುಡುಗ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಮೂವತ್ತು ನಲವತ್ತರ ಸೈಟು ಎಂದರೆ ಸುಮಾರು 111 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಬೆಂಗಳೂರಿನ ವಾರ್ಷಿಕ ಮಳೆ ಹತ್ತಿರ ಹತ್ತಿರ 970 ಮಿಲಿಮೀಟರು. ಸೈಟಿನ ಮೇಲೆಲ್ಲ ತಾರಸಿಯಿದ್ದರೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು! ಆವಿಯಾಗಿ, ಚೆಲ್ಲಿ ಹೋಗುವುದನ್ನು ಕಳೆದರೂ ಕೈಗೆ ಸಿಗುವುದು ಕಡಿಮೆಯಲ್ಲ. ಸುಮಾರು 100 ಕಿಲೋಮೀಟರು ದೂರದ ಕಾವೇರಿಯನ್ನು ಎತ್ತಿ ತರುವ ಊರಿನಲ್ಲಿ ಇಷ್ಟು ನೀರು ಚರಂಡಿಗೆ ಹೋಗುತ್ತದೆ. ಅದಕ್ಕೇ 2009ರಲ್ಲಿ ಜಲಮಂಡಲಿಯ ಕಾಯ್ದೆಗೆ ತಿದ್ದುಪಡಿ ತಂದು, 2,400 ಚದರ ಅಡಿಯ ಹಳೆಯ ಮನೆಗಳಿಗೂ 1,200 ಚದರ ಅಡಿಯ ಹೊಸ ಮನೆಗಳಿಗೂ ಮಳೆಕೊಯ್ಲು ಕಡ್ಡಾಯ ಮಾಡಿದರು.

“ಅಪ್ಪನ ಮನೆ ಇದ್ರಲ್ಲಿ ಯಾವುದಕ್ಕೆ ಬರುತ್ತೆ?” ಎಂದ. ಸೈಟಿನ ಅಳತೆ ಅಪ್ಪನನ್ನೇ ಕೇಳು ಎಂದೆ.

ಜಯನಗರ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಬನಶಂಕರಿಯಲ್ಲಿ ಇಳಿದಾಗ ಹತ್ತೂವರೆ ದಾಟಿತ್ತು. ಶುಕ್ರವಾರದ ರಾಹುಕಾಲ. ದೇವಸ್ಥಾನದಲ್ಲಿ ಹೆಂಗಸರು ನಿಂಬೆಹಣ್ಣಿನ ಹೋಳುಗಳನ್ನು ಮಗುಚಿ, ಎಣ್ಣೆ ಹಾಕಿ ದೀಪ ಹಚ್ಚುತ್ತಿದ್ದರು. ನಾನು ಅಮ್ಮನವರಿಗೆ ಕೈಮುಗಿಯುತ್ತಿದ್ದರೆ ಹುಡುಗ ನೆಲ ನೋಡುತ್ತಿದ್ದ. ಇಷ್ಟು ಎಣ್ಣೆ ಬಿದ್ದ ನೆಲದಲ್ಲಿ ಜನ ಜಾರದ ಹಾಗೆ, ಇಷ್ಟು ಸಿಪ್ಪೆ ರಾಶಿಯಾಗದ ಹಾಗೆ ನೋಡಿಕೊಳ್ಳುವವರು ಯಾರು ಎಂದು ಅವನ ಪ್ರಶ್ನೆ.

ಆಗ ನನಗೆ ನೆನಪಾದ ಪದ ‘ಪಾರುಪತ್ತೆಗಾರ’. ಹಳೆಯ ಮೈಸೂರು ಸೀಮೆಯ ದೇವಸ್ಥಾನಗಳಲ್ಲಿ, ಮಠಗಳಲ್ಲಿ ಪಾರುಪತ್ತೆಗಾರರು ಇರುತ್ತಿದ್ದರು. ಪೂಜೆ ಅರ್ಚಕರದ್ದು. ಉಗ್ರಾಣದ ಅಕ್ಕಿ, ದೀಪದ ಎಣ್ಣೆ, ಜಮೀನಿನ ಗೇಣಿ, ಸೋರುವ ಪ್ರಾಕಾರ ಇವೆಲ್ಲ ಪಾರುಪತ್ತೆಗಾರನ ಪಾಲು. ಮೆರವಣಿಗೆಯಲ್ಲಿ ಅವನಿಗೆ ಹೂವಿನ ಹಾರ ಬೀಳುವುದಿಲ್ಲ. ಅವನು ಒಂದು ವಾರ ಮಲಗಿದರೆ ದೇವರಿಗೆ ನೈವೇದ್ಯ ಇರುವುದಿಲ್ಲ. ಇಂಗ್ಲಿಷಿನಲ್ಲಿ ಹೊಸದಾಗಿ ಕೇಳಿಸುವ ಕಸುಬಿಗೆ ನಮ್ಮಲ್ಲಿ ಹಳೆಯ ಹೆಸರೇ ಇತ್ತಲ್ಲ ಎಂದು ನನಗೆ ಖುಷಿಯಾಯಿತು. ಹುಡುಗನಿಗೆ ಆ ಪದ ತಮಾಷೆಯಾಗಿ ಕೇಳಿಸಿತು.

ಜೆ.ಪಿ. ನಗರದ ಒಂದು ಕೋಣೆ

ಜಯಪ್ರಕಾಶ ನಾರಾಯಣರ ಹೆಸರಿನ ಬಡಾವಣೆ ಒಂದನೇ ಹಂತದಲ್ಲಿ ಶುರುವಾಗಿ ದಕ್ಷಿಣಕ್ಕೆ ಹೋಗುತ್ತಾ ಹೋಗುತ್ತಾ ಏಳು, ಎಂಟು, ಒಂಬತ್ತು ಎಂದು ಬೆಳೆದಿದೆ. ಹಂತ ಏರಿದಂತೆ ಮನೆಯ ಎತ್ತರವೂ ಏರುತ್ತದೆ. ಏಳನೇ ಹಂತದಲ್ಲಿ ಇನ್ನೂರಕ್ಕೂ ಹೆಚ್ಚು ಮನೆಗಳ ಅಪಾರ್ಟ್‌ಮೆಂಟೊಂದರ ಮ್ಯಾನೇಜರು ನನಗೆ ಪರಿಚಯದವರ ಪರಿಚಯ. ತುಮಕೂರಿನ ಕಡೆಯ ಹೆಣ್ಣುಮಗಳು, ನಲವತ್ತರ ಒಳಗಿನ ವಯಸ್ಸು, ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವರು. ನೆಲಮಾಳಿಗೆಯಲ್ಲಿ ಜನರೇಟರಿನ ಪಕ್ಕ ಅವರ ಕೋಣೆ. ಗೋಡೆಗೆ ಬೀಗದ ಕೈಗಳ ಹಲಗೆ, ಮೇಜಿನ ಮೇಲೆ ದಪ್ಪ ರಟ್ಟಿನ ದಿನಚರಿ ಪುಸ್ತಕ.

“ಇದನ್ನ ಓದಪ್ಪಾ, ನನ್ನ ಕೆಲಸ ಏನು ಅಂತ ಗೊತ್ತಾಗುತ್ತೆ” ಎಂದು ಪುಸ್ತಕವನ್ನೇ ಹುಡುಗನ ಮುಂದಿಟ್ಟರು.

ಬೆಳಿಗ್ಗೆ ಆರಕ್ಕೆ ಸಂಪಿನ ನೀರಿನ ಮಟ್ಟ. ಕಾವೇರಿ ಎಷ್ಟು ಬಂತು, ಬೋರ್‌ವೆಲ್ಲು ಎಷ್ಟು ಕೊಟ್ಟಿತು, ಟ್ಯಾಂಕರು ಎಷ್ಟು ಬೇಕು. ಜನರೇಟರಿನ ಡೀಸೆಲ್ಲು. ಲಿಫ್ಟು, ಅದರ ಲೈಸೆನ್ಸು ವಿದ್ಯುತ್ ಪರಿವೀಕ್ಷಣಾಲಯದ್ದು. ಬೆಂಕಿ ಆರಿಸುವ ಪಂಪು ಸ್ಟಾರ್ಟ್ ಆಗುತ್ತದೆಯೇ. ರಾತ್ರಿಯ ವಾಚ್‌ಮನ್ ಎಷ್ಟು ಹೊತ್ತಿಗೆ ಹೋದ, ಹಗಲಿನವ ಎಷ್ಟು ಹೊತ್ತಿಗೆ ಬಂದ. ‘ಬಿ ಬ್ಲಾಕ್ 304, ಬಚ್ಚಲ ಸೋರಿಕೆ, 204ರ ಸೂರು ಒದ್ದೆ, ಇಬ್ಬರಿಗೂ ಮಾತಿಲ್ಲ.’ ಈ ಕೊನೆಯ ಎರಡು ಶಬ್ದಗಳ ಮುಂದೆ ಹುಡುಗ ಸ್ವಲ್ಪ ಹೊತ್ತು ನಿಂತ.

“ಪೈಪ್ ಸರಿಮಾಡೋದು ಅರ್ಧ ಗಂಟೆ ಕೆಲಸ. ಅವರಿಬ್ಬರನ್ನ ಒಂದೇ ಕೋಣೇಲಿ ಕೂರಿಸೋದು ಮೂರು ವಾರ” ಎಂದು ಅವರು ನಕ್ಕರು.

ಕಸದ ವಿಷಯ ಬಂತು. ಹಸಿಕಸಕ್ಕೊಂದು ಬುಟ್ಟಿ, ಸ್ಯಾನಿಟರಿ ಕಸಕ್ಕೊಂದು ಬುಟ್ಟಿ, ಒಣಕಸಕ್ಕೊಂದು ಚೀಲ ಎಂದು 2015ರ ಡಿಸೆಂಬರಿನಲ್ಲಿ ರಾಜ್ಯದ ಹೈಕೋರ್ಟು ಆದೇಶ ಮಾಡಿತು. ದಿನಕ್ಕೆ 100 ಕಿಲೋ ದಾಟಿದವರನ್ನು 2016ರ ನಿಯಮಗಳು ದೊಡ್ಡ ಉತ್ಪಾದಕರ ಸಾಲಿಗೆ ಸೇರಿಸಿದವು. ಇನ್ನೂರು ಅಡುಗೆಮನೆಗಳ ಅಭ್ಯಾಸ ತಿದ್ದುವ ಹೊಣೆ ಮಾತ್ರ ಈ ನೆಲಮಾಳಿಗೆಯ ಕೋಣೆಗೆ ಬಂತು. 2024ರ ಬೇಸಿಗೆಯನ್ನು ಅವರು ಮರೆಯುವ ಹಾಗಿಲ್ಲ. ಬೋರ್‌ವೆಲ್ಲುಗಳು ಬತ್ತಿ ಟ್ಯಾಂಕರಿನವರು ದೊರೆಗಳಾಗಿದ್ದರು. ಮಾರ್ಚಿನಲ್ಲಿ ಜಲಮಂಡಲಿ ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು, ಅಪಾರ್ಟ್‌ಮೆಂಟಿನ ನಲ್ಲಿಗಳಿಗೆ ನೀರಿನ ರಭಸ ತಗ್ಗಿಸುವ ಏರೇಟರ್ ಹಾಕಬೇಕೆಂದಿತು. ಇವರು ಪ್ಲಂಬರನ್ನು ಜೊತೆಗಿಟ್ಟುಕೊಂಡು ಮನೆಮನೆ ತಟ್ಟಿದರು. “ಬಾಗಿಲು ತೆಗೆಯದೇ ಇದ್ದವರ ಪಟ್ಟಿ ಇನ್ನೂ ಇದೆ” ಎಂದರು.

ಆಮೇಲೆ ನಮ್ಮನ್ನು ಕೊಳಚೆನೀರು ಶುದ್ಧೀಕರಣ ಘಟಕದ ಹತ್ತಿರ ಕರೆದೊಯ್ದರು. ಎಲ್ಲರೂ ಎಸ್‌ಟಿಪಿ ಎನ್ನುತ್ತಾರೆ. ಬಚ್ಚಲು, ಕಕ್ಕಸು, ಅಡುಗೆಮನೆಯ ನೀರೆಲ್ಲ ಅಲ್ಲಿಗೆ ಬಂದು, ಗಾಳಿ ಊದಿಸಿಕೊಂಡು, ಸೂಕ್ಷ್ಮಜೀವಿಗಳಿಂದ ಹದಗೊಂಡು, ಸೋಸಿ, ಮತ್ತೆ ಕಕ್ಕಸಿನ ಫ್ಲಶ್ಶಿಗೂ ಗಿಡಗಳಿಗೂ ಹೋಗುತ್ತದೆ. ಹುಡುಗ ಕಬ್ಬಿಣದ ಮುಚ್ಚಳದ ಮೇಲೆ ಕಾಲಿಟ್ಟ. ಅಲ್ಲಿಯವರೆಗೆ ನಗುನಗುತ್ತಾ ಮಾತಾಡುತ್ತಿದ್ದವರು ಅವನ ತೋಳು ಹಿಡಿದು ಹಿಂದಕ್ಕೆ ಎಳೆದರು.

“ಈ ಕೆಲಸಕ್ಕೆ ಬಂದರೆ ನೀನು ಮೊದಲು ಕಲಿಯಬೇಕಾದ್ದು ಇದು. ಈ ಗುಂಡಿಗೆ ಮನುಷ್ಯನನ್ನ ಇಳಿಸಬಾರದು. ಯಾರೇ ಹೇಳಲಿ.”

ಒಳಗಿನ ಅನಿಲಕ್ಕೆ ಎರಡು ಉಸಿರು ಸಾಕು. ಮೊದಲು ಇಳಿದವನು ಬಿದ್ದನೆಂದು ಎತ್ತಲು ಹೋದ ಎರಡನೆಯವನೂ ಬೀಳುತ್ತಾನೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೇ ಹೀಗೆ ಸತ್ತವರಿದ್ದಾರೆ. ಮನುಷ್ಯರನ್ನು ಇಂಥ ಅಪಾಯದ ಶುಚಿಗೆ ಇಳಿಸುವುದನ್ನು 2013ರ ಕಾನೂನು ಅಪರಾಧ ಮಾಡಿದೆ. 2014ರಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕು ಎಂದಿದ್ದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಭಾನುವಾರ ಬೆಳಿಗ್ಗೆ ಘಟಕ ಕಟ್ಟಿಕೊಂಡು, ವಾಸನೆ ಏಳನೇ ಮಹಡಿಗೆ ಹೋಗಿ, ಸಮಿತಿಯ ದೊಡ್ಡವರೊಬ್ಬರು ಫೋನಿನಲ್ಲಿ “ಯಾರಾದರೂ ಇಬ್ಬರು ಹುಡುಗರನ್ನ ಕರೆಸಮ್ಮಾ, ಐನೂರು ರೂಪಾಯಿ ಜಾಸ್ತಿ ಕೊಡೋಣ” ಎಂದಾಗ, ಕಾನೂನು ಪುಸ್ತಕ ಎದುರಿಗೆ ಇರುವುದಿಲ್ಲ. ಮ್ಯಾನೇಜರ್ ಇರುತ್ತಾಳೆ. ಅವಳು “ಆಗಲ್ಲ ಸರ್, ಯಂತ್ರದ ಗಾಡಿ ಬರೋವರೆಗೂ ಕಾಯಬೇಕು” ಎನ್ನಬೇಕು. ಹಿಂದಿನ ಒಂದು ಜಾಗದಲ್ಲಿ ಹಾಗೆ ಅಂದದ್ದಕ್ಕೆ ಅವರ ಕೆಲಸ ಹೋಯಿತಂತೆ. ಇಲ್ಲಿ ಹೋಗಿಲ್ಲ.

ಭಾವನ ‘ಮೋಟಾರ್ ಹಾಕೋದಕ್ಕೆ ಡಿಗ್ರಿ ಬೇಕೇ’ ಎಂಬ ಪ್ರಶ್ನೆ ನನ್ನ ಕಿವಿಯಲ್ಲೇ ಇತ್ತು. ಡಿಗ್ರಿ ಬೇಕೋ ಇಲ್ಲವೋ, ಆ ಮುಚ್ಚಳದ ಕೆಳಗೆ ಏನಿದೆ ಎಂದು ಕಲಿತಿರಬೇಕು.

ಹತ್ತಿರದಲ್ಲೇ ಪುಟ್ಟೇನಹಳ್ಳಿ ಕೆರೆ, ಸುಮಾರು 13 ಎಕರೆಯದು. 2010ರಲ್ಲಿ ಅಕ್ಕಪಕ್ಕದ ನಿವಾಸಿಗಳು ಟ್ರಸ್ಟು ಕಟ್ಟಿಕೊಂಡು, ಮರುವರ್ಷ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಅದನ್ನು ನೋಡಿಕೊಳ್ಳತೊಡಗಿದರು. ಪಕ್ಕದ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಶುದ್ಧಿಯಾದ ನೀರನ್ನು ಈ ಕೆರೆಗೆ ಹರಿಸಿದ್ದೂ ಉಂಟು. ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಅಕ್ಕ ಕಟ್ಟಿಕೊಟ್ಟಿದ್ದು ಚಿತ್ರಾನ್ನ.

ಓದುವುದು ಎಲ್ಲಿ?

ಇದು ತಂದೆತಾಯಿಯರ ಪ್ರಶ್ನೆ. ನಾನೂ ಮ್ಯಾನೇಜರನ್ನು ಕೇಳಿದ್ದೆ. ಈ ಕಸುಬಿಗೆ ಡಾಕ್ಟರಿಕೆಗೆ ಇರುವ ಹಾಗೆ ಒಂದೇ ಹೆಬ್ಬಾಗಿಲಿಲ್ಲ, ಸುತ್ತಲೂ ಸಣ್ಣ ಬಾಗಿಲುಗಳು. ಸಿವಿಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಡಿಪ್ಲೊಮಾದವರು ಕಟ್ಟಡದ ಕಡೆಯಿಂದ ಬರುತ್ತಾರೆ. ಊರಿನ ನಡುವೆ 1943ರಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಇದೆ, ಹೊಸೂರು ರಸ್ತೆಯಲ್ಲಿ ಸರ್ಕಾರಿ ಐಟಿಐ ಇದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು ಶುಚಿತ್ವ, ಸಿಬ್ಬಂದಿ, ಅತಿಥಿಗಳನ್ನು ನಿಭಾಯಿಸುವ ನಯ ಕಲಿತು ಬರುತ್ತಾರೆ. ಬಿ.ಕಾಂ. ಆದವರಿಗೆ ಲೆಕ್ಕ ಒಲಿಯುತ್ತದೆ. ತಿಂಗಳ ನಿರ್ವಹಣಾ ಶುಲ್ಕ ಮನೆಯೊಂದಕ್ಕೆ 7,500 ರೂಪಾಯಿ ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದರೆ ಜಿಎಸ್‌ಟಿ ಬೀಳುತ್ತದೆ ಎಂಬಂಥ ಸಂಗತಿಗಳಿಗೆ ಅವರೇ ಬೇಕು. ಕಾನೂನು ಓದಿದವರಿಗಂತೂ ಕೈತುಂಬ ಕೆಲಸ. ಅಪಾರ್ಟ್‌ಮೆಂಟಿನ ಸಂಘವನ್ನು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಕಟ್ಟಬೇಕೋ, 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲೋ, 1959ರ ಸಹಕಾರ ಸಂಘಗಳ ಕಾಯ್ದೆಯಲ್ಲೋ ಎಂಬ ಜಗಳ ಈ ಊರಿನಲ್ಲಿ ಬಹಳ ಹಳೆಯದು. 2016ರ ರೇರಾ ಕಾಯ್ದೆ ಬಂದ ಮೇಲೆ ಕಟ್ಟಿದವನು ಐದು ವರ್ಷ ಕಟ್ಟಡದ ರಚನೆಯ ದೋಷಗಳಿಗೆ ಜವಾಬ್ದಾರ. ಆ ಐದು ವರ್ಷದೊಳಗೆ ಬಿರುಕನ್ನು ಕಂಡು, ಫೋಟೋ ತೆಗೆದು, ಪತ್ರ ಬರೆದು ದಾಖಲೆ ಇಡುವವರು ಬೇಕಲ್ಲ.

ಮುಂದೆ ಮೇಲೇರುವವರಿಗೆ ಅಂತರರಾಷ್ಟ್ರೀಯ ಸಂಸ್ಥೆಗಳ ಪರೀಕ್ಷೆಗಳಿವೆ. ಅಮೆರಿಕದಲ್ಲಿ ಆಸ್ತಿ ನಿರ್ವಾಹಕರ ಸಂಸ್ಥೆ 1933ರಲ್ಲೇ ಹುಟ್ಟಿತು, ಕಟ್ಟಡ ಸೌಕರ್ಯಗಳ ನಿರ್ವಾಹಕರದು 1980ರಲ್ಲಿ. ಬನ್ನೇರುಘಟ್ಟ ರಸ್ತೆಯ, ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಈ ಕೆಲಸ ಮಾಡುವ ದೊಡ್ಡ ಕಂಪನಿಗಳು ಆ ಪ್ರಮಾಣಪತ್ರಗಳಿಗೆ ಬೆಲೆ ಕೊಡುತ್ತವೆ. ಯಾವುದೋ ಸಂಸ್ಥೆ ಮೂರು ತಿಂಗಳಲ್ಲಿ ಮ್ಯಾನೇಜರ್ ಮಾಡುತ್ತೇವೆಂದು ಲಕ್ಷಗಟ್ಟಲೆ ಕೇಳಿದರೆ ಮಾತ್ರ, ಪೋಷಕರೇ, ಹಣ ಕಟ್ಟುವ ಮುನ್ನ ಅಲ್ಲಿ ಓದಿದ ನಾಲ್ವರನ್ನು ಹುಡುಕಿ ಮಾತಾಡಿಸಿ.

ಹೆಣ್ಣುಮಕ್ಕಳಿಗೆ ಇದು ತಕ್ಕದ್ದೇ ಎಂದು ಕೇಳುವವರಿಗೆ ಇನ್ನೊಂದು ಸಂಗತಿ. ಈ ಕಸುಬಿಗೆ ಶಿಸ್ತು ತಂದುಕೊಟ್ಟವರಲ್ಲಿ ಮೊದಲಿಗಳು ಒಬ್ಬ ಹೆಂಗಸು. 1865ರಲ್ಲಿ ಲಂಡನ್ನಿನ ಮ್ಯಾರಿಲೆಬೋನಿನಲ್ಲಿ ಲೇಖಕ ಜಾನ್ ರಸ್ಕಿನ್ ಹಣ ಹಾಕಿ ಕೊಂಡ ಮೂರು ಹಾಳು ಮನೆಗಳನ್ನು ಆಕ್ಟೇವಿಯಾ ಹಿಲ್ ಎಂಬಾಕೆ ವಹಿಸಿಕೊಂಡಳು. ವಾರವಾರ ತಾನೇ ಬಾಡಿಗೆಗೆ ಹೋಗುವಳು, ಹೋದಾಗ ಒಡೆದ ಕಿಟಕಿ, ಕಟ್ಟಿದ ಚರಂಡಿ, ಕೆಲಸ ಕಳೆದುಕೊಂಡ ಗಂಡ ಎಲ್ಲವನ್ನೂ ನೋಡುವಳು, ಉಳಿದ ಹಣವನ್ನು ರಿಪೇರಿಗೆ ಹಾಕುವಳು. ಹಣ ಹಾಕಿದವನಿಗೆ ವರ್ಷಕ್ಕೆ ನೂರಕ್ಕೆ ಐದರಂತೆ ಬಡ್ಡಿಯೂ ಬಂತು. ಆಮೇಲೆ ಆಕೆ ಇತರ ಹೆಂಗಸರಿಗೆ ಈ ಕೆಲಸ ಕಲಿಸಿದಳು.

ಕೊನೆಗೆ ಬಿಟಿಎಂ. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಊರುಗಳ ಮೊದಲಕ್ಷರ ಸೇರಿ ಆದ ಹೆಸರು. ಇಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡಿಗಿಂತ ‘ಪಿಜಿ’ ಎಂಬ ಬೋರ್ಡು ಹೆಚ್ಚು. ಕಲಬುರ್ಗಿಯ ಹುಡುಗ, ಕಟಕದ ಹುಡುಗಿ, ಕೊಟ್ಟಾಯಂನ ನರ್ಸು ಒಂದೇ ಬೀದಿಯಲ್ಲಿ. 2024ರ ಆಗಸ್ಟಿನಲ್ಲಿ ಬಿಬಿಎಂಪಿ ಪಿಜಿಗಳಿಗೆ ನಿಯಮ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರು ನೀರು, ಸಿಸಿಟಿವಿ, ಅಡುಗೆಮನೆಗೆ ಆಹಾರ ಸುರಕ್ಷತೆಯ ಲೈಸೆನ್ಸು. ನಾವು ಹೋದ ಪಿಜಿಯ ಮ್ಯಾನೇಜರಿಗೆ ಇಪ್ಪತ್ತನಾಲ್ಕು ವರ್ಷ ಇರಬಹುದು. ಮಾತಾಡಿದ ಹದಿನೈದು ನಿಮಿಷದಲ್ಲಿ ಅವನ ಫೋನು ಒಂಬತ್ತು ಸಲ ಬಡಿದುಕೊಂಡಿತು. ವೈಫೈ, ಬಿಸಿನೀರು, ಚಪಾತಿ ಗಟ್ಟಿ, ಪಕ್ಕದ ಹಾಸಿಗೆಯವನ ಗೊರಕೆ.

“ರಜೆ?” ಎಂದು ನಮ್ಮ ಹುಡುಗ ಕೇಳಿದ.

“ಯುಗಾದಿಗೆ ಊರಿಗೆ ಹೋಗಿದ್ದೆ ಬ್ರೋ. ಅರ್ಧ ದಾರೀಲಿ ಮೋಟಾರ್ ಸುಟ್ಟೋಯ್ತು ಅಂತ ಫೋನು ಬಂತು” ಎಂದ ಅವನು.

ಈ ಕಸುಬಿನ ಇನ್ನೊಂದು ಮುಖ ಇದು, ಮುಚ್ಚಿಡುವುದು ಸರಿಯಲ್ಲ. ಸಾಫ್ಟ್‌ವೇರ್ ಹುಡುಗರ ಸಂಬಳ ಶುರುವಿನಲ್ಲಿ ಇಲ್ಲಿ ನಿರೀಕ್ಷಿಸುವ ಹಾಗಿಲ್ಲ. ರಾತ್ರಿ ಎರಡಕ್ಕೆ ಫೋನು ಬರುತ್ತದೆ. ಜವಾಬ್ದಾರಿ ಎಲ್ಲ ನಿನ್ನದು, ಚೆಕ್ಕಿಗೆ ಸಹಿ ಇನ್ನೊಬ್ಬರದು. ಎಲ್ಲ ಸರಿಯಾಗಿದ್ದಾಗ ಯಾರಿಗೂ ನಿನ್ನ ಹೆಸರು ಗೊತ್ತಿರುವುದಿಲ್ಲ. ನಾಚಿಕೆ ಸ್ವಭಾವದವರಿಗೆ, ಜಗಳ ಕಂಡರೆ ಆಗದವರಿಗೆ ಬೇಡವೇ ಬೇಡ. ಇದನ್ನೆಲ್ಲ ಹುಡುಗನಿಗೆ ನಾನು ಹೇಳಬೇಕಾಗಲಿಲ್ಲ. ಆ ಪಿಜಿಯ ಮೆಟ್ಟಿಲಿಳಿಯುವಾಗ ಅವನು ತಾನೇ ಸುಮ್ಮನಾಗಿದ್ದ.

ಬಿಟಿಎಂ ಲೇಔಟ್ ನಿಲ್ದಾಣದಲ್ಲಿ ಹಳದಿ ಮಾರ್ಗ ಹತ್ತಿದೆವು. 2025ರ ಆಗಸ್ಟಿನಲ್ಲಿ ಶುರುವಾದ ಈ ಮಾರ್ಗ ಜಯದೇವದ ಹತ್ತಿರ ಬಹಳ ಎತ್ತರಕ್ಕೆ ಏರುತ್ತದೆ. ಅಲ್ಲಿಂದ ತಾರಸಿಗಳೆಲ್ಲ ಕಾಣುತ್ತವೆ. ಕರಿಯ ಸಿಂಟೆಕ್ಸ್ ಟ್ಯಾಂಕುಗಳು, ಸೌರ ಬಿಸಿನೀರಿನ ಹಲಗೆಗಳು, ಒಣಗಲು ಹಾಕಿದ ಸೀರೆ, ಮುಚ್ಚಳ ಹಾರಿಹೋದ ಟ್ಯಾಂಕಿನ ಮೇಲೆ ಕೂತ ಕಾಗೆ. ಹುಡುಗ ಕಿಟಕಿಗೆ ಮೂಗು ಒತ್ತಿ ಮುಚ್ಚಳವಿಲ್ಲದ ಟ್ಯಾಂಕುಗಳನ್ನು ಎಣಿಸುತ್ತಿದ್ದ. ಆರ್.ವಿ. ರಸ್ತೆಯಲ್ಲಿ ಇಳಿಯುವ ಹೊತ್ತಿಗೆ ಲೆಕ್ಕ ಹದಿನೇಳಕ್ಕೆ ಬಂದಿತ್ತು.

ಭಾವ ವರಾಂಡದಲ್ಲೇ ಕೂತಿದ್ದರು. “ಏನಯ್ಯಾ, ಪಾರುಪತ್ತೆಗಾರರು ಸವಾರಿ ಮುಗಿಸಿ ಬಂದ್ರಾ?” ಎಂದರು. ಬೆಳಿಗ್ಗೆ ಫೋನಿನಲ್ಲಿ ಅಕ್ಕನಿಗೆ ಹೇಳಿದ್ದ ಪದ ಅವರ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ.

ಹುಡುಗ ಚಪ್ಪಲಿ ಬಿಡಲಿಲ್ಲ. “ಅಪ್ಪಾ, ನಮ್ಮ ಸಂಪು ಕೊನೇ ಸಲ ತೊಳೆಸಿದ್ದು ಯಾವಾಗ?”

ಭಾವ ಯೋಚಿಸಿದರು. ಒಳಗಿನಿಂದ ಅಕ್ಕ, “ಇವನು ಆರನೇ ಕ್ಲಾಸಲ್ಲಿ ಇದ್ದಾಗ” ಎಂದಳು.

ಭಾವ ಏನೂ ಅನ್ನದೆ ಎದ್ದು, ಪಂಚೆ ಮೇಲೆ ಕಟ್ಟಿ, ಅಂಗಳದ ಮೂಲೆಗೆ ಹೋಗಿ ಮುಚ್ಚಳದ ಕೊಂಡಿ ಹಿಡಿದು ಎಳೆದರು. ಅದು ಅಲ್ಲಾಡಲಿಲ್ಲ. “ಗಡಾರಿ ತಗೊಂಡು ಬಾರೋ” ಎಂದರು.

“ತರ್ತೀನಿ. ಆದ್ರೆ ಒಳಗೆ ಇಳೀಬೇಡಿ ಅಪ್ಪಾ, ಮೇಲಿಂದಾನೇ ಟಾರ್ಚ್ ಬಿಡಿ” ಎನ್ನುತ್ತಾ ಹುಡುಗ ಹಿತ್ತಲಿಗೆ ಓಡಿದ.